ಒಂದು ಕಂಪ್ರೆಸರಿಗೆ ತೆತ್ತ ಚೈನ್ ಪುಲ್ಲಿ

ಎಂಬತ್ತರ ದಶಕದ ಶುರುವಿನಲ್ಲಿ ಶಹಾಬಾದಿನಲ್ಲಿ ಎ.ಸಿ. ಇದ್ದ ಕಾರು ಯಾವುದೆಂದು ತಿಳಿಯಲು ಹತ್ತಿರ ಹೋಗಬೇಕಾಗಿರಲಿಲ್ಲ. ಮೇ ತಿಂಗಳ ಮಧ್ಯಾಹ್ನ ಗಾಜು ಪೂರ್ತಿ ಏರಿಸಿಕೊಂಡು ಓಡಾಡುತ್ತಿದ್ದದ್ದು ಅದೊಂದೇ. ಕಲ್ಲು ಕೊಯ್ದು ಪಾಲಿಶ್ ಮಾಡಿಸುವ ಫರ್ಸಿ ಕಾರ್ಖಾನೆಯ ಸಾವಕಾರರು ಅದನ್ನು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಸ್ಟೇಶನ್ ರಸ್ತೆಯಲ್ಲಿ ನನ್ನದೇ ಗ್ಯಾರೇಜು. ಕಲ್ಲು ಹೊರುವ ಲಾರಿಗಳೇ ಗಿರಾಕಿ. ನನ್ನಿಂದ ಆಗದೆಂದು ಒಂದು ಗಾಡಿಯನ್ನೂ ವಾಪಸು ಕಳಿಸಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೆ; ಬೇರೆಯವರು ಹೇಳಲಿ ಎಂದು ಕಾಯುವಷ್ಟು ಪುರುಸೊತ್ತು ಇರಲಿಲ್ಲ.

ಗ್ಯಾರೇಜಿನ ತೊಲೆಗೆ ಒಂದು ಚೈನ್ ಪುಲ್ಲಿ ತೂಗುತ್ತಿತ್ತು. ಲಾರಿಯ ಎಂಜಿನ್ನನ್ನು ಮೊದಲು ಆರು ಜನ ಹಗ್ಗ ಹಾಕಿ ಎತ್ತುತ್ತಿದ್ದೆವು, ಪುಲ್ಲಿ ಬಂದಮೇಲೆ ನಾನೊಬ್ಬನೇ ಎತ್ತುತ್ತಿದ್ದೆ. ಅದನ್ನು ಕೊಳ್ಳಲು ಏಳು ವರ್ಷ ಹಿಡಿದಿತ್ತು. ದಸರೆಯ ದಿನ ನನ್ನ ಹೆಂಡತಿ ಮೊದಲ ಕುಂಕುಮ ಅದಕ್ಕೇ ಹಚ್ಚುತ್ತಿದ್ದಳು.

ಆ ಬೇಸಿಗೆ ಸಾವಕಾರರು ಕಾರು ತಂದು ನಿಲ್ಲಿಸಿದರು. ಅಂಗಿ ಬೆನ್ನಿಗೆ ಅಂಟಿತ್ತು. ಗಾಜು ಮಾತ್ರ ಇಳಿಸಿರಲಿಲ್ಲ.

"ತಂಪ ಗಾಳಿ ಬರವಲ್ದು ಮಿಸ್ತ್ರಿ. ಹೈದರಾಬಾದಿಗಿ ಒಯ್ಯಲೇನು?"

"ಯಾಕ್ರಿ ಸಾವಕಾರ್ರ, ನಾ ಸತ್ತೀನೇನು?"

ಆ ಮಾತು ಬಾಯಿಂದ ಬಂದಾಗ ನಾನು ಜೀವಮಾನದಲ್ಲಿ ಒಂದು ಎ.ಸಿ.ಯನ್ನೂ ಬಿಚ್ಚಿ ನೋಡಿರಲಿಲ್ಲ.

ಬಾನೆಟ್ ಎತ್ತಿ ನೋಡಿದೆ. ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಕಂಡಿತು. ಲಾರಿಯ ಬ್ರೇಕಿಗೆ ಹವಾ ತುಂಬುವ ಕಂಪ್ರೆಸರನ್ನು ನಾನು ವಾರಕ್ಕೊಂದು ರಿಪೇರಿ ಮಾಡುತ್ತಿದ್ದೆ. ಇದು ಅದರ ತಮ್ಮನ ಹಾಗೆ ಕಂಡಿತು. ಪೈಪು ಬಿಚ್ಚಿದೆ. ಬುಸ್ಸೆಂದು ಹೊಗೆಯಂಥದ್ದು ಹೊರಬಂದು ಕೈ ಮಂಜುಗಡ್ಡೆ ಮುಟ್ಟಿದಂತಾಯಿತು. ಕಾರನ್ನು ತಂಪು ಮಾಡುವ ಗ್ಯಾಸೆಲ್ಲ ಹೊರಗೆ ಹೋಯಿತೆಂದು ನನಗೆ ಹೊಳೆಯಲಿಲ್ಲ. ಒಳಗೆ ತಂಪು ಇದೆಯಲ್ಲ, ಕೆಲಸ ಸುಲಭವೆಂದುಕೊಂಡೆ. ಕಂಪ್ರೆಸರ್ ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಲಾರಿಗೆ ಹಾಕುವ ಎಂಜಿನ್ ಆಯಿಲನ್ನೇ ತುಂಬಿ ಕೂಡಿಸಿದೆ. ಚಾಲೂ ಮಾಡಿ ಅರ್ಧ ಗಂಟೆ ಬಿಟ್ಟೆ. ಕೀರಲು ಸದ್ದು ಬಂತು, ಬೆಲ್ಟು ಸುಟ್ಟ ವಾಸನೆ ಬಂತು, ಆಮೇಲೆ ಕಂಪ್ರೆಸರ್ ಅಲ್ಲೇ ಹಿಡಿದು ನಿಂತಿತು.

ಮನೆಗೆ ಬಂದು ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿಲ್ಲ ಅಂದಿದ್ರ ಮೀಸಿ ಉದುರತಿದ್ದವೇನು?"

ಮರುದಿನ ಕಂಪ್ರೆಸರನ್ನು ಗೋಣಿಚೀಲದಲ್ಲಿ ಹಾಕಿಕೊಂಡು ವಾಡಿಗೆ ಹೋಗಿ, ಹೈದರಾಬಾದಿನ ಪ್ಯಾಸೆಂಜರ್ ಹತ್ತಿದೆ. ಚಿತ್ತಾಪುರದಲ್ಲಿ ಒಬ್ಬ ಅಜ್ಜಿ ಎದುರು ಬಂದು ಕೂತಳು. ತೊಡೆಯ ಮೇಲಿನ ಚೀಲವನ್ನು ನೋಡಿಯೇ ನೋಡಿದಳು.

"ಕುಂಬಳಕಾಯಿ ಏನಪಾ?"

"ಹೂಂ ಆಯಿ."

ಸೇಡಂನಲ್ಲಿ ಇಳಿಯುವಾಗ ಚೀಲವನ್ನೊಮ್ಮೆ ಒತ್ತಿ ನೋಡಿದಳು. "ಇನ್ನಾ ಕಾಯಿ ಅದ. ಕೊಯ್ಲಾಕ ಅವಸರ ಮಾಡೀದಿ," ಎಂದು ಇಳಿದು ಹೋದಳು.

ಹೈದರಾಬಾದಿನಲ್ಲಿ ಎ.ಸಿ. ಕೆಲಸದ ಒಬ್ಬ ಚಾಚಾ ಸಿಕ್ಕ. ಮೂಲ ಚಿತ್ತಾಪುರದವ, ಹುಡುಗನಿದ್ದಾಗಲೇ ಹೋಗಿ ಅಲ್ಲಿ ನೆಲೆಸಿದ್ದ. ಚೀಲ ಬಿಚ್ಚಿ, ಕಂಪ್ರೆಸರಿನ ಬಾಯಿಗೆ ಬೆರಳಿಟ್ಟು, ಆ ಬೆರಳನ್ನು ಮೂಸಿ ನೋಡಿದ.

"ಯಾ ಅಲ್ಲಾ. ಇದರಾಗ ಲಾರಿ ಓಡಸ್ಲಾಕತ್ತಿದ್ದೇನು?"

ಹಳೆಯದು ಯಾವುದಕ್ಕೂ ಬಾರದು, ಹೊಸದೇ ಆಗಬೇಕೆಂದ. ಗ್ಯಾಸು, ತನ್ನ ಕೂಲಿ, ಶಹಾಬಾದಿಗೆ ಬಂದು ಹೋಗುವ ಖರ್ಚು ಎಲ್ಲ ಸೇರಿಸಿ ಒಂದು ಬೆಲೆ ಹೇಳಿದ. ನನಗೆ ಅಂಕಿ ಕೇಳಿಸಲಿಲ್ಲ, ಗ್ಯಾರೇಜಿನ ತೊಲೆ ಕಂಡಿತು.

ಪುಲ್ಲಿಯನ್ನು ವಾಡಿಯ ಗ್ಯಾರೇಜಿನವನಿಗೆ ಮಾರಿದೆ. ಅವನು ಅದನ್ನು ಎಷ್ಟೋ ಸಲ ಕೇಳಿದ್ದ. ಪ್ರತಿ ಸಲವೂ ನಾನು ನಕ್ಕು ಚಹಾ ಕುಡಿಸಿ ಕಳಿಸಿದ್ದೆ. ಈ ಸಲ ಚಹಾ ಅವನು ಕುಡಿಸಿದ.

ಚಾಚಾ ಶುಕ್ರವಾರದ ನಮಾಜು ಮುಗಿಸಿ, ಶನಿವಾರ ಮುಂಜಾನೆ ಹೊಸ ಕಂಪ್ರೆಸರ್ ಹಿಡಿದು ಬಂದ. ಸಾವಕಾರರು ಫರ್ಸಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಚಾಚಾ ಮೊದಲಿಗೆ ಬೋಲ್ಟು ಬಿಚ್ಚುವ ಪಾನಾ ಮುಟ್ಟಲಿಲ್ಲ. ನೀರಿನ ಪೈಪು ಬೇಡಿದ. ಕಾರಿನ ಮುಂದಿನ ಜಾಲರಿ ತೆಗೆದು, ಅದರ ಹಿಂದೆ ರೇಡಿಯೇಟರಿನಂತೆ ನಿಂತಿದ್ದ ಇನ್ನೊಂದು ಜಾಲಿಗೆ ನೀರು ಬಿಟ್ಟ. ಹಾಲಿನಂತೆ ಬಿಳಿ ನೀರು ಹರಿಯಿತು. ಬಕೆಟ್ಟುಗಟ್ಟಲೆ ಹರಿಯಿತು.

ಕಾರು ನಿಲ್ಲುತ್ತಿದ್ದದ್ದು ಕಾರ್ಖಾನೆಯಲ್ಲಿ, ಕಲ್ಲು ಕೊಯ್ಯುವ ಯಂತ್ರದ ಪಕ್ಕದಲ್ಲಿ. ಕಲ್ಲಿನ ಪುಡಿ ಜಾಲಿಯಲ್ಲಿ ಕೂತು, ನೀರು ಸಿಡಿದು ಗಾರೆಯಾಗಿತ್ತು. ಗಾಳಿ ಆಡದಿದ್ದರೆ ತಂಪು ಎಲ್ಲಿಂದ ಬಂದೀತು? ಶಹಾಬಾದಿನಲ್ಲಿ ಹುಟ್ಟಿದ ನಾನು ಆ ಪುಡಿಯನ್ನು ದಿನವೂ ತಲೆಯಿಂದ ಕೊಡವುತ್ತಿದ್ದೆ. ಕಾರಿನ ಮೇಲಿದ್ದದ್ದು ಕಣ್ಣಿಗೇ ಬಿದ್ದಿರಲಿಲ್ಲ.

ಚಾಚಾ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಹಳೇದಕ್ಕ ಏನೂ ಆಗಿರ್ಲಿಲ್ಲ ತಮ್ಮಾ. ಮುಖ ತೊಳದಿದ್ರ ಸಾಕಿತ್ತು. ಅವರಿಗಿ ನಾ ಹೇಳಲ್ಲ."

ಆಮೇಲೆ ಹೊಸ ಕಂಪ್ರೆಸರ್ ಕೂಡಿಸಿ ಗ್ಯಾಸು ತುಂಬಿದ. ಮಧ್ಯಾಹ್ನದ ಹೊತ್ತಿಗೆ ಕಾರಿನೊಳಗೆ ತಂಪು ಗಾಳಿ ಬಂತು. ಸಾವಕಾರರು ಗಾಜು ಏರಿಸಿ ಐದು ನಿಮಿಷ ಒಳಗೆ ಕೂತರು. ಹೊರಬಂದು ಜೇಬಿಗೆ ಕೈ ಹಾಕಿದರು.

"ಕಂಪ್ರೆಸರ್ ಹೋಗಿತ್ತಲ್ಲ ಮಿಸ್ತ್ರಿ. ಎಷ್ಟಾತು ಹೇಳು."

ಚಾಚಾ ಹತಾರಗಳನ್ನು ಒರೆಸುತ್ತ ಬೇರೆ ಕಡೆ ನೋಡಿದ. ಹೂಂ ಅಂದರೆ ಸಾಕಿತ್ತು. ಪುಲ್ಲಿ ಸೋಮವಾರವೇ ತೊಲೆಗೆ ಬರುತ್ತಿತ್ತು. ಹೂಂ ಅನ್ನಲು ಬಾಯಿಯನ್ನೂ ತೆಗೆದೆ.

"ಹೋಗಿರ್ಲಿಲ್ರಿ. ನಾನೇ ಕೆಡಿಸೀನಿ. ಕಲ್ಲಪುಡಿ ತೊಳದಿದ್ರ ಆಗ್ತಿತ್ತು. ನನಗ ಈ ಕೆಲಸ ಗೊತ್ತಿರ್ಲಿಲ್ಲ."

ಕಡೆಯ ಮಾತನ್ನು ಹೇಳಲು ಅಷ್ಟೇನೂ ಹೊತ್ತು ಹಿಡಿಯಲಿಲ್ಲ.

ಸಾವಕಾರರು ನನ್ನನ್ನು ನೋಡಿದರು, ಬಿಳಿ ನೀರು ನಿಂತ ನೆಲವನ್ನು ನೋಡಿದರು. "ಅಂದ್ರ ಬಕೀಟ ನೀರಿನ ಕೆಲಸ ಇತ್ತು," ಎಂದರು. "ಹೂಂ ರೀ," ಎಂದೆ. ಕೈಯನ್ನು ಜೇಬಿನಿಂದ ಖಾಲಿಯಾಗಿಯೇ ತೆಗೆದರು. ಹೋಗುವಾಗ ಒಂದು ಮಾತು ಹೇಳಿದರು: "ನಾಳಿ ಎರಡು ಲಾರಿ ಕಳಸ್ತೀನಿ. ಅವುಗಳ ಎಂಜಿನ್ ಇಳಸೋದು ಅದ."

ಎಂಜಿನ್ ಇಳಿಸಲು ಪುಲ್ಲಿ ಬೇಕು. ಮರುದಿನ ವಾಡಿಗೆ ಹೋಗಿ ನನ್ನ ಪುಲ್ಲಿಯನ್ನು ದಿನದ ಬಾಡಿಗೆಗೆ ತಂದೆ. ಮುಂದೆ ನಾಲ್ಕು ವರ್ಷ ಹಾಗೆಯೇ ತಂದೆ, ಹಾಗೆಯೇ ಮರಳಿ ಒಯ್ದು ಕೊಟ್ಟೆ. ಬಕೆಟ್ ನೀರಿನ ಸುದ್ದಿ ವಾಡಿಗೂ ಮುಟ್ಟಿತ್ತು. ವಾಡಿಯವನು ಕೊಂಡಿಯಿಂದ ಬಿಚ್ಚಿ ಕೊಡುವಾಗ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಮೊದಲ ತೊಳದು ನೋಡಿದೇನು ಮಿಸ್ತ್ರಿ?"

"ತೊಳದೀನಿ," ಎನ್ನುತ್ತಿದ್ದೆ. ತೊಳೆದಿರುತ್ತಿದ್ದೆ.