ಮೂರು ಗೇಟುಗಳಲ್ಲಿ ಆಗದ ಕೆಲಸ

ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಹೇಳಲು ಸೇರಿ ಹದಿನಾರು ವರ್ಷವಾಗಿತ್ತು. ಅಂದು ಪ್ರಾಕ್ಟಿಕಲ್ ಪರೀಕ್ಷೆ. ಬೇಲೂರಿನಿಂದ ಪರೀಕ್ಷಕರೊಬ್ಬರು ಬಂದಿದ್ದರು. ನಿವೃತ್ತಿ ಹತ್ತಿರವಾಗಿದ್ದ ಅವರದು ಮಾತು ಕಡಿಮೆ, ಹಾಕುವ ಅಂಕ ಇನ್ನೂ ಕಡಿಮೆ ಎಂದು ಹೆಸರಾಗಿತ್ತು.

ದಿನವೂ ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳಿಗೆ ಚೀಟಿಯಲ್ಲಿ ಸುಲಭದ ಪ್ರಶ್ನೆಯೇ ಬಂತು. ಎರಡು ಸ್ವಿಚ್ಚುಗಳಲ್ಲಿ ಒಂದನ್ನು ಮಾತ್ರ ಹಾಕಿದಾಗ ದೀಪ ಹತ್ತಬೇಕು; ಎರಡನ್ನೂ ಹಾಕಿದರೆ ಅಥವಾ ಎರಡನ್ನೂ ಆರಿಸಿದರೆ ಹತ್ತಬಾರದು. ಅದನ್ನು ಕಟ್ಟಬೇಕಾದದ್ದು ನ್ಯಾಂಡ್ ಗೇಟುಗಳಿಂದ. ಒಳಬರುವ ಎರಡೂ ತಂತಿಗಳಲ್ಲಿ ಕರೆಂಟಿದ್ದಾಗ ಮಾತ್ರ ಅಂಥ ಗೇಟು ಹೊರಗೆ ಕರೆಂಟ್ ಬಿಡುವುದಿಲ್ಲ, ಉಳಿದಂತೆ ಯಾವಾಗಲೂ ಬಿಡುತ್ತದೆ. ಐಸಿ ಎಂಬ ಒಂದು ಪುಟ್ಟ ಚಿಪ್‌ನೊಳಗೆ ಅಂಥ ನಾಲ್ಕು ಗೇಟುಗಳು. ಈ ಕೆಲಸಕ್ಕೆ ನಾಲ್ಕೂ ಬೇಕು.

ಅರ್ಧ ಗಂಟೆ ಒದ್ದಾಡಿ ಅವಳು ಎದ್ದು ನಿಂತಳು. “ಸರ್, ಈ ಐಸಿಲಿ ಒಂದು ಗೇಟ್ ಕೆಟ್ಟೋಗೈತೆ. ಮೂರೇ ಕೆಲ್ಸ ಮಾಡ್ತಿರೋದು.”

ಬೇರೆ ಐಸಿ ಇರಲಿಲ್ಲ. ಹಿಂದಿನ ದಿನವೇ ಎಲ್ಲವನ್ನೂ ಪರೀಕ್ಷಿಸಿ ಇಡಬೇಕಾದವಳು ನಾನು. ನನಗೆ ತಲೆ ಎತ್ತಲಾಗಲಿಲ್ಲ.

“ಇರೋ ಮೂರರಲ್ಲೇ ಮಾಡಮ್ಮ,” ಎಂದರು ಪರೀಕ್ಷಕರು.

“ಆಗಲ್ಲ ಸರ್.”

“ನಿನಗೆ ಬರಲ್ಲ ಅಂತಲೋ, ಆಗೋದೇ ಇಲ್ಲ ಅಂತಲೋ?”

“ಆಗೋದೇ ಇಲ್ಲ. ಹತ್ತು ನಿಮಿಷ ಕೊಡಿ, ಬರ್ದು ತೋರಿಸ್ತೀನಿ.”

ಅಷ್ಟು ವರ್ಷ ಬೋರ್ಡಿನ ಮೇಲೆ ನಾಲ್ಕು ಗೇಟು ಬರೆದಿದ್ದೆ. ಮೂರರಲ್ಲಿ ಯಾಕಾಗದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅವಳು ಬರೆದದ್ದು ಇಷ್ಟು. ಎರಡೂ ಸ್ವಿಚ್ಚು ಒಂದೇ ಥರ ಇದ್ದಾಗ ದೀಪ ಆರಿರಬೇಕು, ಅಂದರೆ ಆಗ ಕೊನೆಯ ಗೇಟಿಗೆ ಎರಡೂ ಕಡೆಯಿಂದ ಕರೆಂಟ್ ಬರಲೇಬೇಕು. ಸ್ವಿಚ್ಚಿನಿಂದ ನೇರವಾಗಿ ತಂತಿ ಎಳೆದರೆ, ಎರಡೂ ಆರಿದ್ದಾಗ ಬರುವುದಿಲ್ಲ. ಸ್ವಿಚ್ಚುಗಳಿಗಷ್ಟೇ ಜೋಡಿಸಿದ ಮೊದಲ ಗೇಟಿನಿಂದ ಎಳೆದರೆ, ಎರಡೂ ಹಾಕಿದ್ದಾಗ ಬರುವುದಿಲ್ಲ. ಉಳಿಯುವುದು ನಡುವಿನ ಗೇಟು. ಇಡೀ ಕೆಲಸ ಅದರ ಮೇಲೆಯೇ ಬೀಳುತ್ತದೆ. ಅದನ್ನೂ ಹೀಗೆಯೇ ಪರಿಶೀಲಿಸಿದರೆ ಭಾರವೆಲ್ಲ ಮೊದಲ ಗೇಟಿನ ಮೇಲೆ ಬಂದು ನಿಲ್ಲುತ್ತದೆ. ಎರಡೂ ಆರಿದ್ದಾಗಲೂ ಕರೆಂಟ್ ಬಿಡುವ ಅದೊಂದರಿಂದ ಆಗದು.

ಪರೀಕ್ಷಕರು ಹಾಳೆಯನ್ನು ಎರಡು ಸಲ ಓದಿದರು. “ಕೊನೆ ಗೇಟಿನ ಒಂದು ತಂತಿಗೆ ಸದಾ ಕರೆಂಟ್ ಕೊಟ್ಟುಬಿಟ್ರೆ?”

“ಆಗ್ಲೂ ಎಲ್ಲಾ ಕೆಲ್ಸ ಆ ನಡುವಿನ ಗೇಟೇ ಮಾಡ್ಬೇಕು ಸರ್.”

ಅವರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. “ಪೂರ್ತಿ ಅಂಕ ಹಾಕಿ ಮೇಡಂ. ನಾನು ಕೇಳಿದ್ದಕ್ಕಿಂತ ಕಷ್ಟದ್ದನ್ನ ಮಾಡಿದಾಳೆ.”

ಪರೀಕ್ಷೆ ಮುಗಿದ ಮೇಲೆ ನಾನು ಅವಳ ಕ್ಷಮೆ ಕೇಳಿದೆ. ಅವಳ ಗಮನ ಅದರಲ್ಲಿರಲಿಲ್ಲ. ಹೊರಡಲು ನಿಂತಿದ್ದ ಪರೀಕ್ಷಕರನ್ನು ತಡೆದು ಕೇಳಿದಳು: “ಸರ್, ಸ್ವಿಚ್ ನೂರಿದ್ರೂ ಕಮ್ಮಿ ಅಂದ್ರೆ ಎಷ್ಟು ಗೇಟ್ ಬೇಕು ಅಂತ ಹಿಂಗೇ ಹೇಳ್ಬೋದಾ?”

“ಕೆಲವಕ್ಕೆ ಹೇಳಬಹುದು. ಬಹಳಷ್ಟಕ್ಕೆ ಯಾರಿಗೂ ಗೊತ್ತಿಲ್ಲ ಕಣಮ್ಮ. ಇಷ್ಟರಲ್ಲಿ ಆಗುತ್ತೆ ಅಂತ ಕಟ್ಟಿ ತೋರಿಸ್ತೀವಿ. ಅದಕ್ಕಿಂತ ಕಮ್ಮಿಲಿ ಆಗಲ್ಲ ಅನ್ನೋಕೆ ದೊಡ್ಡ ದೊಡ್ಡೋರೇ ತಿಣುಕಾಡ್ತಿದಾರೆ.”

ಅವಳಿಗೆ ನಿರಾಸೆಯಾಗಬಹುದು ಎಂದುಕೊಂಡೆ. ಅವಳ ಮುಖ ಅರಳಿತು. “ಹಂಗಾದ್ರೆ ಇನ್ನೂ ಬೇಕಾದಷ್ಟು ಕೆಲ್ಸ ಬಾಕಿ ಐತೆ ಅನ್ನಿ!”

ಈಗ ಅವಳು ಹಾಸನದಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಕಳೆದ ತಿಂಗಳ ಒಂದು ಭಾನುವಾರ ಬಾಣಾವರದ ನಮ್ಮ ಮನೆಗೆ ಹನ್ನೆರಡು ಹಾಳೆ ಹಿಡಿದುಕೊಂಡು ಬಂದಳು. ನಾಲ್ಕು ಸ್ವಿಚ್ಚುಗಳ ಲೆಕ್ಕವೊಂದು ಇಷ್ಟು ಗೇಟಿಗಿಂತ ಕಡಿಮೆಯಲ್ಲಿ ಆಗದು ಎಂಬುದಕ್ಕೆ ಅವಳೇ ಬರೆದ ಸಾಬೀತು. ಇಬ್ಬರೂ ಸಾಲು ಸಾಲಾಗಿ ಓದಿದೆವು. ಮೂರನೇ ಹಾಳೆಯಲ್ಲಿ ತಪ್ಪು ಸಿಕ್ಕಿತು, ಹಿಡಿದದ್ದು ನಾನು.

“ಅಯ್ಯೋ, ಹೌದಲ್ವಾ ಮೇಡಂ!” ಎಂದು ಜೋರಾಗಿ ನಕ್ಕು, ಉಳಿದ ಒಂಬತ್ತು ಹಾಳೆಗಳನ್ನು ಪಕ್ಕಕ್ಕೆ ಸರಿಸಿ ಬಿಳಿ ಕಾಗದ ಕೇಳಿದಳು. ನಾನು ಎರಡು ಹಾಳೆ ತಂದೆ, ನನಗೂ ಒಂದು.