ಆಕಳಿಸುವ ಮನೆ

ಫರ್ಹಾ ಬರೆಯುತ್ತಿದ್ದದ್ದೆಲ್ಲ ಮಕ್ಕಳನ್ನು ಹೆದರಿಸುವ ಕಥೆಗಳು. ದೆವ್ವ, ರಕ್ತ ಅಂತ ಏನೂ ಇರುತ್ತಿರಲಿಲ್ಲ. ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮುವುದು, ಬೀಗ ಹಾಕಿದ ಕೋಣೆಯಲ್ಲಿ ಫ್ಯಾನು ತಿರುಗುವುದು, ಅಂಥವು. ಬೆಂಗಳೂರಿನ ಪಾದರಾಯನಪುರದಲ್ಲಿ ಬೆಳೆದವಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಪೆನ್ನು ಹಿಡಿದರೆ ಮಾತ್ರ ಕನ್ನಡ. ಶಾನವಾಜ್‌ನನ್ನು ಮದುವೆಯಾಗಿ ಡಬ್ಲಿನ್ ಪಕ್ಕದ ಲೂಕನ್‌ಗೆ ಬಂದ ಮೇಲೆ ಬೆಳಿಗ್ಗೆ ಒಂದು ಶಿಶುವಿಹಾರದಲ್ಲಿ ಕೆಲಸ, ಸಂಜೆ ಊಟದ ಮೇಜಿನ ಮೇಲೆ ಬರವಣಿಗೆ. ಪುಸ್ತಕ ಅಂತ ಬಂದದ್ದು ಒಂದೇ. ಅದನ್ನು ಹಿಡಿದುಕೊಂಡು ಊರೂರಿನ ಲೈಬ್ರರಿಗಳಿಗೆ ಹೋಗಿ, ಐರಿಶ್ ಮಕ್ಕಳಿಗೆ ಇಂಗ್ಲಿಷಿನಲ್ಲಿ, ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳಿ ಬರುತ್ತಿದ್ದಳು. ಮಕ್ಕಳು ಬೆಚ್ಚಿ ಒಬ್ಬರಿಗೊಬ್ಬರು ಅಂಟಿಕೊಂಡರೆ ಅವಳಿಗೆ ಅದೇ ಸಂಭಾವನೆ.

ಕೊರೊನಾ ಬಂದು ಲೈಬ್ರರಿಗಳು ಮುಚ್ಚಿದವು. ಇಪ್ಪತ್ತೊಂದರ ಜನವರಿಯಲ್ಲಿ, ಕ್ರಿಸ್‌ಮಸ್ ರಜೆ ಮುಗಿದರೂ ಶಾಲೆಗಳು ತೆರೆಯದೆ ಹೋದಾಗ, ವೆಂಕಟೇಶಮೂರ್ತಿ ಫೋನ್ ಮಾಡಿದರು. ಲೆಪರ್ಡ್ಸ್‌ಟೌನ್‌ನ ಕಂಪನಿಯೊಂದರಲ್ಲಿ ಎಂಜಿನಿಯರ್. ಶನಿವಾರಗಳಂದು ಮಕ್ಕಳಿಗೆ ಕನ್ನಡ ಕ್ಲಾಸು ನಡೆಸುತ್ತಿದ್ದವರು.

"ಫರ್ಹಾ ಅವ್ರೆ, ಸ್ಕೂಲಿಲ್ಲ, ಆಟ ಇಲ್ಲ, ಮಕ್ಕಳು ಮಂಕಾಗೋಗಿದಾರೆ. ಜೂಮ್‌ನಲ್ಲಿ ಕಥೆ ಬರೆಯೋದು ಹೇಳ್ಕೊಡ್ತೀರಾ?"

"ಹೆದರಿಸೋ ಕಥೆ ಬಿಟ್ರೆ ನಂಗೆ ಬೇರೆ ಬರಲ್ಲ ಸರ್."

"ಹೆದರ್ಸಿ. ಹಾಗಾದ್ರೂ ಎಚ್ಚರ ಆಗ್ಲಿ."

ಹೀಗೆ ಶುರುವಾಯಿತು. ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳಲ್ಲಿ ಡಬ್ಲಿನ್, ಗಾಲ್ವೇ, ಕಾರ್ಕ್‌ನ ಮಕ್ಕಳು. ಲಿಮೆರಿಕ್‌ನಿಂದ ಒಬ್ಬಳೇ, ಇಂಚರ. ಒಂಬತ್ತು ವರ್ಷ. ಅಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಅಪ್ಪಟ ಲಿಮೆರಿಕ್ ಇಂಗ್ಲಿಷ್. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವಳು. ಅವಳ ಬೆನ್ನ ಹಿಂದೆ ಮನೆ ಬಿಸಿಮಾಡುವ ಬಾಯ್ಲರ್ ಇದ್ದ ಬಿಳಿ ಕಪಾಟು, ಅದರಾಚೆ ಸೋಫಾ, ಸೋಫಾದ ಮೇಲೆ ಕಂಬಳಿ ಹೊದ್ದು ಮಲಗಿದ ಅವಳ ಅಮ್ಮ ಅರ್ಪಿತಾ. ಅಪ್ಪ ಹೇಮಚಂದ್ರ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಲಾಕ್‌ಡೌನ್‌ನಲ್ಲೂ ಅವನು ಹೋಗಲೇಬೇಕಿತ್ತು.

ಒಂದು ಶನಿವಾರ ಫರ್ಹಾ ಮಕ್ಕಳಿಗೆ ಕಣ್ಣು ಮುಚ್ಚಿಸಿದಳು. "ನಿಮ್ಮ ಮನೆ ಏನ್ ಮಾಡ್ತಿದೆ, ಕೇಳಿಸ್ಕೊಳ್ಳಿ. ಒಂದೇ ವಾಕ್ಯದಲ್ಲಿ ಹೇಳಿ."

ಒಬ್ಬನ ಮನೆ ಗೊರಕೆ ಹೊಡೆಯುತ್ತಿತ್ತು. ಇನ್ನೊಬ್ಬಳ ಮನೆ ಹೊಟ್ಟೆ ಹಸಿದು ಗುರ್ ಅನ್ನುತ್ತಿತ್ತು. ಇಂಚರ ತಡವಾಗಿ ಕಣ್ಣು ತೆರೆದಳು. "ನಮ್ಮನೆ ಆಕಳಿಸುತ್ತೆ," ಎಂದಳು, ತನ್ನ ಇಂಗ್ಲಿಷಿನಲ್ಲಿ. "ಮೊದಲು ಮನೆ. ಆಮೇಲೆ ಅಮ್ಮ. ಆಮೇಲೆ ನಾನು."

ಮಕ್ಕಳೆಲ್ಲ ನಕ್ಕರು. ಫರ್ಹಾಗೆ ರೋಮಾಂಚನವಾಯಿತು. "ಶಭಾಷ್! ಇದು ಕಥೆ ಬರೆಯೋರ ವಾಕ್ಯ," ಎಂದಳು. ಇಂಚರ ನಗಲಿಲ್ಲ. ಹಣೆ ಉಜ್ಜಿಕೊಂಡಳು.

ಮುಂದಿನ ವಾರ ಹುಡುಗಿ ಇನ್ನಷ್ಟು ಸೊರಗಿದ್ದಳು. ಕೇಳಿದ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಬೇರೆ ಮಕ್ಕಳು ಇನ್ನೊಂದು ವಿಷಯಕ್ಕೆ ಹೋಗಿರುತ್ತಿದ್ದರು. ಕ್ಲಾಸು ಮುಗಿದ ಮೇಲೆ ಫರ್ಹಾ ಅರ್ಪಿತಾಗೆ ಫೋನ್ ಮಾಡಿದಳು.

"ನಮಗಿಬ್ರಿಗೂ ತಲೆನೋವು ಅಕ್ಕ, ಬಿಡ್ತಾನೇ ಇಲ್ಲ," ಎಂದಳು ಅರ್ಪಿತಾ. ಮಾತು ಎಳೆಯುತ್ತಿತ್ತು. "ಕೋವಿಡ್ ಟೆಸ್ಟ್ ಮಾಡಿಸಿದ್ವಿ, ನೆಗೆಟಿವ್. ಡಾಕ್ಟರ್ ಫೋನಲ್ಲೇ ನೋಡಿದ್ರು, ಯಾವ್ದೋ ವೈರಸ್ಸು, ರೆಸ್ಟ್ ತಗೊಳ್ಳಿ ಅಂದ್ರು. ಇವ್ರು ಆರಾಮಾಗಿದಾರೆ, ಡ್ಯೂಟಿಗೆ ಹೋಗಿ ಬಂದು ಮಾಡ್ತಿದಾರೆ. ಹೊರಗೆ ಚಳಿ, ಕಿಟಕಿ ತೆಗೆಯೋ ಹಾಗಿಲ್ಲ. ಬೆಚ್ಚಗೆ ಮಲ್ಕೊಂಡಿರ್ತೀವಿ."

ಆ ವರ್ಷ ಯಾರಿಗೆ ತಲೆನೋವಿರಲಿಲ್ಲ? ಫರ್ಹಾ ಕಷಾಯ ಹೇಳಿಕೊಟ್ಟು ಫೋನ್ ಇಟ್ಟಳು.

ಅದರ ಮುಂದಿನ ಶನಿವಾರ ಇಂಚರಳ ಮನೆಯಲ್ಲಿ ಇಂಟರ್‌ನೆಟ್ ಕೆಟ್ಟಿತ್ತು. ರಜೆಯಿದ್ದ ಅಪ್ಪನ ಮೊಬೈಲಿನಲ್ಲಿ, ಒಳಗೆ ನೆಟ್ ಸಿಗದೆ, ಮನೆ ಮುಂದೆ ನಿಂತ ಕಾರೊಳಗೆ ಕೂತು ಸೇರಿಕೊಂಡಳು. ಆ ದಿನ ಅವಳನ್ನು ಹಿಡಿಯುವವರಿರಲಿಲ್ಲ. ಎಲ್ಲರ ಕಥೆಗೂ ಬಾಲ ಜೋಡಿಸಿದಳು, ಕ್ಲಾಸಿನಲ್ಲಿ ಜೊತೆಗೆ ಕೂರುತ್ತಿದ್ದ ಮೂರ್ತಿಯವರ ಟೋಪಿಗೆ ಹೆಸರಿಟ್ಟಳು. ವೈರಸ್ಸು ಬಿಟ್ಟಿತು ಅಂದುಕೊಂಡು ಫರ್ಹಾ ನಿರಾಳವಾದಳು.

ಆಮೇಲಿನ ಶನಿವಾರ ಅವಳು ಮತ್ತೆ ಅಡುಗೆಮನೆಯಲ್ಲಿದ್ದಳು. ಫರ್ಹಾ ಕಥೆ ಓದುತ್ತಿದ್ದ ಹಾಗೆ, ಇಂಚರ ಕೆನ್ನೆಯನ್ನು ಮೇಜಿಗಿಟ್ಟಳು. ಕಣ್ಣು ಅರ್ಧ ತೆರೆದೇ ಇತ್ತು. ಹಿಂದೆ ಸೋಫಾದಿಂದ ಅರ್ಪಿತಾಳ ಕೈ ಜಾರಿ ಕೆಳಗೆ ಜೋತುಬಿದ್ದಿತ್ತು. ನಿದ್ದೆ ಹೋದವರ ಕೈ ಹಾಗೆ ಜೋತಾಡುವುದಿಲ್ಲ.

ಫರ್ಹಾ ಓದುವುದನ್ನು ನಿಲ್ಲಿಸಿದಳು. ಕಾರಿನಲ್ಲಿ ಕೂತಾಗ ಚುರುಕು, ಮನೆಯೊಳಗೆ ಮಂಕು. ಮೊದಲು ಮನೆ, ಆಮೇಲೆ ಅಮ್ಮ, ಆಮೇಲೆ ನಾನು. ಪಾದರಾಯನಪುರದ ಅವರ ವಠಾರದ ಬಚ್ಚಲುಮನೆ ಕಣ್ಣ ಮುಂದೆ ಬಂತು. ಮದುವೆಯಾಗಿ ವಾರವಾಗಿದ್ದ ಪಕ್ಕದ ಮನೆಯ ಹುಡುಗಿ ಒಳಗಿಂದ ಚಿಲಕ ಹಾಕಿಕೊಂಡು ಸ್ನಾನಕ್ಕೆ ಹೋದವಳು. ಬಾಗಿಲು ಒಡೆದಾಗ ಅವಳು ಸತ್ತು ಬಿದ್ದಿದ್ದಳು, ಗೋಡೆಯ ಮೇಲೆ ಗ್ಯಾಸ್ ಗೀಸರ್ ಇನ್ನೂ ಉರಿಯುತ್ತಿತ್ತು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ.

"ಸರ್, ಅದು ಗ್ಯಾಸ್! ಬಾಯ್ಲರ್ ಗ್ಯಾಸ್! ಇಂಚರ ಮನೆ ಅಡ್ರೆಸ್ ಇದ್ಯಲ್ಲ ನಿಮ್ಹತ್ರ, ಪುಸ್ತಕ ಕಳಿಸಿದ್ರಲ್ಲ? ಎಮರ್ಜೆನ್ಸಿ ನಂಬರ್ 999ಗೆ ಮಾಡಿ, ಈಗ್ಲೇ!"

ಮೂರ್ತಿ ಒಂದು ಕೈಯಲ್ಲಿ ಫೋನ್ ಹಿಡಿದೇ ಉಳಿದ ಮಕ್ಕಳನ್ನು ಮೀಟಿಂಗಿನಿಂದ ಹೊರಗೆ ಕಳಿಸಿದರು. ಫರ್ಹಾ ಅರ್ಪಿತಾಳ ನಂಬರಿಗೆ ಫೋನ್ ಹಚ್ಚಿದಳು. ರಿಂಗಾಗುವುದು ಲ್ಯಾಪ್‌ಟಾಪಿನೊಳಗಿಂದ ಕೇಳಿಸುತ್ತಿತ್ತು. ಸೋಫಾದ ಮೇಲಿನ ಕೈ ಅಲುಗಲಿಲ್ಲ. ಹೇಮಚಂದ್ರನೂ ಎತ್ತಲಿಲ್ಲ, ಅವನ ಫೋನು ಕಾರ್ಖಾನೆಯ ಲಾಕರಿನಲ್ಲಿತ್ತು.

"ಇಂಚರ! ಏಳು! ಎದ್ದು ಹೊರಗೆ ಹೋಗು!"

ಹುಡುಗಿ ರೆಪ್ಪೆ ಹೊಡೆದಳು, ಅಷ್ಟೇ. ಮತ್ತೆ ಕೂಗಿದರೆ ಕಣ್ಣು ಮುಚ್ಚಿಕೊಂಡಳು. ಆಗ ಫರ್ಹಾ ದನಿ ಇಳಿಸಿದಳು. ಲೈಬ್ರರಿಗಳಲ್ಲಿ ಮಕ್ಕಳು ಮುಂದಕ್ಕೆ ಬಾಗಿ ಕೇಳುತ್ತಿದ್ದ ದನಿ.

"ಒಂದು ಮನೆ. ಆ ಮನೇಲಿ ಒಬ್ಳು ಹುಡುಗಿ ಮೇಜಿನ ಮೇಲೆ ತಲೆ ಇಟ್ಟಿದ್ಳು. ಈಗ ಅವಳು ತಲೆ ಎತ್ತುತಾಳೆ."

ಇಂಚರ ತಲೆ ಎತ್ತಿದಳು.

"ಎದ್ದು ನಿಲ್ತಾಳೆ. ಕಾಲು ತನ್ನದಲ್ವೇನೋ ಅನ್ಸುತ್ತೆ, ಆದ್ರೂ ನಿಲ್ತಾಳೆ. ಬಾಗಿಲು ಎಲ್ಲಿದೆ?"

ಹುಡುಗಿ ಬೆರಳು ತೋರಿಸಿದಳು.

"ಗೋಡೆ ಹಿಡ್ಕೊಂಡು ಬಾಗಿಲ ಹತ್ರ ಹೋಗ್ತಾಳೆ. ಬಾಗಿಲು ತೆಗೀತಾಳೆ. ಹೊರಗೆ ಹೋಗ್ತಾಳೆ. ಮತ್ತೆ ಒಳಗೆ ಬರಲ್ಲ."

ಇಂಚರ ಸೋಫಾದ ಕಡೆ ತಿರುಗಿ ನಿಂತಳು. ಮೊದಲ ಸಲ ಕನ್ನಡದಲ್ಲಿ ಕೇಳಿದಳು: "ಅಮ್ಮ?"

"ಅಮ್ಮನ್ನ ಕರ್ಕೊಂಡು ಬರೋರು ದಾರೀಲಿದಾರೆ. ಹುಡುಗಿ ಹೋಗಿ ಪಕ್ಕದ ಮನೆ ಬಾಗಿಲು ತಟ್ಟುತಾಳೆ. ಜೋರಾಗಿ."

ದಾರಿಯಲ್ಲಿದ್ದಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಹುಡುಗಿ ಚೌಕದಿಂದ ಆಚೆ ಹೋದಳು. ಬಾಗಿಲು ತೆರೆದ ಸದ್ದು ಬಂತು. ಆಮೇಲೆ ಏನೋ ಬಿದ್ದ ಸದ್ದು.

ಆಮೇಲೆ ಏನೂ ಇಲ್ಲ.

ಪರದೆಯಲ್ಲಿ ಉಳಿದದ್ದು ಬಿಳಿ ಕಪಾಟು, ಖಾಲಿ ಕುರ್ಚಿ, ಜೋತುಬಿದ್ದ ಆ ಕೈ. ಮನೆಯಿಂದ ಐದು ಕಿಲೋಮೀಟರ್ ಆಚೆಗೆ ಹೋಗಬಾರದೆಂಬ ಲಾಕ್‌ಡೌನ್ ಕಾಲ. ಲಿಮೆರಿಕ್ ಇರುವುದು ದೇಶದ ಇನ್ನೊಂದು ಮಗ್ಗುಲಿಗೆ. ಫರ್ಹಾ ಮಾಡಬಹುದಾಗಿದ್ದದ್ದು ನೋಡುವುದೊಂದೇ. ಅಂಥ ಮನೆಗಳನ್ನು ಅವಳು ಎಷ್ಟು ಸಲ ಬರೆದಿದ್ದಳೋ. ಒಂದರಲ್ಲೂ ಹೀಗೆ ಕಾದಿರಲಿಲ್ಲ.

ಕೊನೆಗೆ ಬೂಟುಗಳ ಸದ್ದು. ಉಸಿರಾಟದ ಮುಖವಾಡ ಹಾಕಿದ ಅಗ್ನಿಶಾಮಕ ದಳದ ಇಬ್ಬರು ಒಳಗೆ ನುಗ್ಗಿ, ಕಂಬಳಿ ಸಮೇತ ಅರ್ಪಿತಾಳನ್ನು ಎತ್ತಿಕೊಂಡು ಹೋದರು. ಮೂರನೆಯವನು ಕಿಟಕಿಗಳನ್ನು ತೆರೆಯುತ್ತ ಬಂದು ಲ್ಯಾಪ್‌ಟಾಪಿನ ಮುಂದೆ ನಿಂತ. ಫರ್ಹಾಳನ್ನೇ ನೋಡಿದ. "ಮಗು?" ಎಂದು ಅವಳು ಕೇಳುವಷ್ಟರಲ್ಲಿ ಮುಚ್ಚಳ ಮುಚ್ಚಿದ.

ಸಂಜೆ ಹೇಮಚಂದ್ರನ ಫೋನ್ ಬಂತು. ಇಂಚರ ಹೊಸಿಲು ದಾಟಿ ಬಿದ್ದಿದ್ದಳು, ಪಕ್ಕದ ಮನೆಯ ಹೆಂಗಸು ನೋಡಿ ಎತ್ತಿಕೊಂಡಿದ್ದಳು. ಇಬ್ಬರಿಗೂ ಆಕ್ಸಿಜನ್ ಕೊಡುತ್ತಿದ್ದಾರೆ, ಮಗಳು ಮಾತಾಡುತ್ತಿದ್ದಾಳೆ, ಅರ್ಪಿತಾಗೆ ಇನ್ನೂ ಎಚ್ಚರವಾಗಿಲ್ಲ. ಬಾಯ್ಲರಿನ ಹೊಗೆ ಆಚೆ ಹೋಗುವ ಕೊಳವೆ ಕಟ್ಟಿಕೊಂಡು, ಕಣ್ಣಿಗೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ತುಂಬಿಕೊಂಡಿತ್ತಂತೆ. ವರ್ಷಕ್ಕೊಮ್ಮೆ ನೋಡಿ ಹೋಗುವವನು ಲಾಕ್‌ಡೌನ್ ಮುಗಿಯಲಿ ಎಂದಿದ್ದನಂತೆ. ಬಾಡಿಗೆ ಮನೆ, ಅಪಾಯವಾದರೆ ಕೂಗಿಕೊಳ್ಳುವ ಅಲಾರಂ ಇರಲಿಲ್ಲ. ಹೇಳುತ್ತ ಹೇಳುತ್ತ ಅವನು ಅಳಲಿಕ್ಕೆ ಶುರುಮಾಡಿದ.

ಆ ಶನಿವಾರದ ಬಳಿಕ ಫರ್ಹಾ ಕೆಲವು ಕಾಲ ಕ್ಲಾಸು ತೆಗೆದುಕೊಳ್ಳಲಿಲ್ಲ. "ಆ ಮಗು ನಂಗೆ ಹೇಳಿತ್ತು," ಎಂದಳು ಶಾನವಾಜ್‌ನ ಮುಂದೆ ಕೂತು. "ನಾನು ಶಭಾಷ್ ಅಂದೆ." ಅವನು ಎದ್ದು ಹೋಗಿ ತಮ್ಮ ಮನೆಯ ಅಲಾರಂನ ಬ್ಯಾಟರಿ ನೋಡಿ ಬಂದ. ಮತ್ತೆ ಶುರುಮಾಡಿದಾಗ, ಯಾವ ಮಗು ಒಳ್ಳೆಯ ವಾಕ್ಯ ಹೇಳಿದರೂ ಹೊಗಳುವ ಮೊದಲು "ಇದು ನಿಜಾನಾ?" ಎಂದು ಕೇಳುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಕೆಲವು ಮಕ್ಕಳಿಗೆ ಅದು ಬೇಸರವಾಗುತ್ತಿತ್ತು.

ಇಂಚರ ಚೇತರಿಸಿಕೊಂಡು ಬೇರೆ ಮನೆಯಿಂದ ಕ್ಲಾಸಿಗೆ ಸೇರಿದಳು. ಅರ್ಪಿತಾ ಬದುಕಿದಳು, ನಡೆದಾಡಿದಳು, ಅಡುಗೆ ಮಾಡಿದಳು. ಪದಗಳು ಮಾತ್ರ ಪೂರ್ತಿ ಮರಳಲಿಲ್ಲ. ಆಗಾಗ ಫರ್ಹಾಗೆ ಫೋನ್ ಮಾಡುತ್ತಾಳೆ. "ಅಕ್ಕ, ನಿನ್ನೆ ಇಂಚರ ಸ್ಕೂಲಲ್ಲಿ..." ಎಂದು ಶುರುಮಾಡಿ, ನಡುವೆ ಯಾವುದೋ ಸಣ್ಣ ಪದ ಸಿಗದೆ ನಿಂತುಬಿಡುತ್ತಾಳೆ. ಚಮಚ, ಕೊಡೆ, ಮಂಗಳವಾರ, ಅಂಥವು. ಫರ್ಹಾಗೆ ಪದ ಗೊತ್ತಿರುತ್ತದೆ. ಆದರೂ ಹೇಳಿಕೊಡುವುದಿಲ್ಲ. ಆಚೆ ಕಡೆಯ ಉಸಿರನ್ನು ಕೇಳುತ್ತ ಕಾಯುತ್ತಾಳೆ.