ಚರ್ಚಿನ ಹಿತ್ತಿಲಲ್ಲಿ ಬಿಸಿನೀರಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚರ್ಚಿನ ಹಿಂಬದಿಯ ಗೇಟಿನಾಚೆ ಆಗಲೇ ಸಾಲು ನಿಂತಿದೆ. ಒಬ್ಬರ ಹೆಗಲ ಮೇಲೆ ಗೋಣಿಚೀಲ, ಇನ್ನೊಬ್ಬರ ಕಂಕುಳಲ್ಲಿ ಮಡಿಸಿದ ರಟ್ಟು. ರಾತ್ರಿ ಫುಟ್‌ಪಾತಿನ ಮೇಲೆ ಅದೇ ಅವರ ಹಾಸಿಗೆ. ಗೇಟಿನ ಒಳಗೆ, ತಗಡಿನ ಮಾಡಿನ ಕೆಳಗೆ ಗಿಡ್ಡನೆಯ ಹೆಂಗಸೊಬ್ಬರು ಬಾಯ್ಲರಿನ ಬಾಯಿಗೆ ಸೌದೆ ತುರುಕುತ್ತಿದ್ದಾರೆ. ಬಕೆಟ್ಟಿಗೆ ನೀರು ಬಿಟ್ಟು, ತೋಳು ಮಡಚಿ, ಮೊಣಕೈ ಅದ್ದಿ ನೋಡುತ್ತಾರೆ. ಒಂದು ಚೊಂಬು ತಣ್ಣೀರು ಬೆರೆಸಿ ಮತ್ತೆ ಅದ್ದುತ್ತಾರೆ.

"ಬೆರಳಿಗೆ ಬಿಸಿ ಗೊತ್ತಾಗಲ್ಲ ಕಣ್ರೀ, ಚರ್ಮ ಸತ್ತುಹೋಗಿದೆ. ಮೊಣಕೈ ಮಾತ್ರ ಸುಳ್ಳು ಹೇಳಲ್ಲ. ಎಳೆಮಕ್ಕಳಿಗೆ ನೀರು ನೋಡೋದೂ ಹೀಗೇ ಅಲ್ವಾ?" ಎನ್ನುತ್ತಾ ಗೇಟಿನ ಅಗುಳಿ ತೆಗೆಯುತ್ತಾರೆ.

ಸಾಲಿನಲ್ಲಿ ಮೊದಲು ನಿಂತವನು ಮೂಟೆ ಹೊರುವ ಕೆಲಸದವನು. "ಬಿಸಿನೀರಮ್ಮ, ಇವತ್ತು ಮೈಸೋಪಾ, ಬಟ್ಟೆಸೋಪಾ?" ಎಂದು ಕೇಳುತ್ತಾನೆ. "ನಿನ್ನ ಮೈಗೆ ಬಟ್ಟೆಸೋಪೇ ಸರಿ. ಹೆಣ್ಣು ನೋಡೋಕೆ ಹೋಗೋ ದಿನ ಹೇಳು, ಘಮಘಮ ಅನ್ನೋದು ಕೊಡ್ತೀನಿ," ಎನ್ನುತ್ತಲೇ ಅವರು ಕೈಗಿಡುವುದು ಘಮಘಮ ಎನ್ನುವ ಸೋಪನ್ನೇ. ಸಾಲು ನಗುತ್ತದೆ. ನಗರದ ಇನ್ನಾವ ಮೂಲೆಯಲ್ಲೂ ಈ ಜನ ಇಷ್ಟು ಬೆಳಿಗ್ಗೆ ನಗುವುದನ್ನು ನಾನು ನೋಡಿಲ್ಲ.

ಚರ್ಚಿನ ಸೇವಾಸಂಸ್ಥೆ ನಡೆಸುವ ಈ ಸ್ನಾನದ ಮನೆಗೆ ದಿನಕ್ಕೆ ಅರವತ್ತು ಎಪ್ಪತ್ತು ಮಂದಿ ಬರುತ್ತಾರೆ. ಮನೆಯಿಲ್ಲದವರು, ಕೂಲಿಗೆಂದು ಬಂದು ಸೂರು ಸಿಗದವರು, ಆಸ್ಪತ್ರೆಯಲ್ಲಿ ನಂಟರನ್ನು ಮಲಗಿಸಿ ಹೊರಗಿನ ಜಗಲಿಯಲ್ಲಿ ದಿನ ದೂಡುವವರು. ಯಾವ ದೇವರಿಗೆ ಕೈ ಮುಗಿಯುತ್ತೀರಿ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಒಂದು ಬಕೆಟ್ ಬಿಸಿನೀರು, ಸೋಪು, ಒಗೆದ ಟವೆಲ್, ಬೇಕಾದವರಿಗೆ ಒಂದು ಜೊತೆ ಬಟ್ಟೆ. ಒಬ್ಬರಿಗೆ ಒಂದೇ ಬಕೆಟ್ ಎಂದು ಗೋಡೆಯ ಮೇಲೆ ಬರೆದಿದೆ. ಎರಡನೆಯದನ್ನು ಕೇಳಿದವರಿಗೆ ಬಿಸಿನೀರಮ್ಮ ಇಲ್ಲ ಅಂದದ್ದನ್ನು ಮಾತ್ರ ಯಾರೂ ಕೇಳಿಲ್ಲ.

ಈ ಸ್ನಾನದ ಮನೆ ಶುರುವಾದದ್ದು ಅವರದೇ ಒಂದು ಮಾತಿನಿಂದ.

ಅವರ ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದರು. ಒಂದು ದಿನ ಕಟ್ಟಿದ ಹಲಗೆ ಜಾರಿ ಮೇಲಿಂದ ಬಿದ್ದವರು ಏಳಲಿಲ್ಲ. ಕೆಲವೇ ತಿಂಗಳಲ್ಲಿ ಬಾಡಿಗೆಯ ಕೋಣೆಯೂ ಹೋಯಿತು. ಪುಟ್ಟ ಮಗಳನ್ನು ಕಟ್ಟಿಕೊಂಡು ಅವರು ರೈಲು ನಿಲ್ದಾಣದ ಮೂಲೆ ಸೇರಿದರು. ಕೆಲಸ ಕೇಳಲು ಮನೆ ಮನೆ ಅಲೆದರು. "ಹಸಿವನ್ನ ಹೊಟ್ಟೆಯೊಳಗೇ ಮುಚ್ಚಿಡಬಹುದು ರೀ. ಮೈ ವಾಸನೆ ಎಲ್ಲಿ ಮುಚ್ಚಿಡ್ತೀರಿ? ನಾನು ಬಾಯಿ ಬಿಡೋದಕ್ಕೆ ಮುಂಚೆ ಅವರು ಮೂಗು ಮುಚ್ಕೊಳ್ಳೋರು. ಕೆಲಸ ಬೇಕು ಅನ್ನೋ ಮಾತು ಗಂಟಲಲ್ಲೇ ಉಳಿಯೋದು."

ಆಗ ಈ ಸಂಸ್ಥೆಯವರು ಮಧ್ಯಾಹ್ನ ಊಟ ಬಡಿಸುತ್ತಿದ್ದರು. ತಾಯಿ ಮಗಳು ಸಾಲಿನಲ್ಲಿ ಕೂತು ಉಂಡರು. ಎಂಟು ದಿನ ಕಳೆದಿರಬೇಕು, ಬಡಿಸುತ್ತಿದ್ದ ಸಿಸ್ಟರ್ ಮಗಳ ತಲೆ ನೇವರಿಸಲು ಕೈ ಚಾಚಿದರು. ಮಗು ತಲೆ ಹಿಂದಕ್ಕೆ ಎಳೆದುಕೊಂಡು, "ಮುಟ್ಬೇಡಿ ಸಿಸ್ಟರ್, ನಾನು ಗಲೀಜು," ಎಂದಿತು. ಸಿಸ್ಟರ್ ಕೈಲಿದ್ದ ಸೌಟನ್ನು ಪಕ್ಕದವರಿಗೆ ಕೊಟ್ಟು, ಇಬ್ಬರನ್ನೂ ತಾವು ವಾಸವಿದ್ದ ಕನ್ಯಾಮಠದ ಬಚ್ಚಲಿಗೇ ಕರೆದೊಯ್ದರು. ತಾವೇ ನೀರು ಕಾಯಿಸಿದರು. ಮಗುವಿನ ಜಡೆಗಟ್ಟಿದ ಕೂದಲನ್ನು ಬಿಡಿಸುತ್ತಾ ಸಂಜೆಯವರೆಗೂ ಕೂತರು.

"ಬೆನ್ನ ಮೇಲೆ ಬಿಸಿನೀರು ಬಿತ್ತು ನೋಡಿ, ಗಂಡ ಸತ್ತಾಗಲೂ ಬರದಿದ್ದ ಅಳು ಅವತ್ತು ಬಂತು. ಮುಖ ಒರೆಸ್ಕೊಂಡು ಸಿಸ್ಟರ್ ಹತ್ರ ಹೇಳಿದೆ, ಊಟ ಹಾಕ್ತಿದ್ದೀರಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಆದ್ರೆ ಎಲ್ಲರಿಗೂ ಹೀಗೊಂದು ಸ್ನಾನ ಮಾಡಿಸಿ, ಆಮೇಲೆ ಊಟಾನ ಅವರೇ ದುಡ್ಕೊಂಡು ಉಣ್ತಾರೆ."

ಸಿಸ್ಟರ್ ಆ ಮಾತನ್ನು ಫಾದರ್ ಕಿವಿಗೆ ಹಾಕಿದರು. ಸೈಕಲ್ ನಿಲ್ಲಿಸುವ ಹಳೆಯ ಶೆಡ್ಡು ಖಾಲಿಯಾಯಿತು. ಆರಾಧನೆಗೆ ಬರುತ್ತಿದ್ದ ವಯಸ್ಸಾದ ಪ್ಲಂಬರ್ ಒಬ್ಬರು ಪೈಪು ಎಳೆದುಕೊಟ್ಟರು. ಎರಡು ಬಚ್ಚಲು ಎದ್ದವು. ನೀರು ಕಾಯಿಸಲು ಯಾರು ಎಂಬ ಪ್ರಶ್ನೆ ಬಂದಾಗ ಫಾದರ್ ನಕ್ಕು, "ಐಡಿಯಾ ಕೊಟ್ಟೋರೇ ಒಲೆ ಹಚ್ಚಲಿ," ಅಂದರಂತೆ. ಇಪ್ಪತ್ತು ವರ್ಷ ದಾಟಿದೆ, ಇವರು ಹಚ್ಚುತ್ತಲೇ ಇದ್ದಾರೆ. ತಲೆ ಹಿಂದಕ್ಕೆಳೆದುಕೊಂಡ ಮಗಳು ಈಗ ಮದುವೆಯಾಗಿ, ಎರಡು ಬೀದಿ ಆಚೆ ಬ್ಯೂಟಿಪಾರ್ಲರ್ ಇಟ್ಟುಕೊಂಡಿದ್ದಾಳೆ. "ನಾನು ಕೊಳೆ ತೆಗೀತೀನಿ, ಅವಳು ಬಣ್ಣ ಹಚ್ತಾಳೆ," ಎಂದು ಅಮ್ಮ ಕಣ್ಣು ಮಿಟುಕಿಸುತ್ತಾರೆ.

ಇಲ್ಲಿನವರೆಲ್ಲ ಹೇಳುವ ಕತೆಯೊಂದಿದೆ, ಕೋಟಿನ ತಾತನ ಕತೆ. ಬಿರುಬಿಸಿಲಲ್ಲೂ ದಪ್ಪ ಕೋಟು ತೊಟ್ಟ ಮುದುಕರೊಬ್ಬರು ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಏನು ಮಾಡಿದರೂ ಗೇಟು ದಾಟಿ ಒಳಗೆ ಬರುತ್ತಿರಲಿಲ್ಲ. ಬಿಸಿನೀರಮ್ಮ ದಿನಾ ಒಂದು ಲೋಟ ಚಹಾ ಒಯ್ದು ಕೊಡುತ್ತಿದ್ದರು. ಕರೆದರೆ ಬರುತ್ತಿದ್ದ ಉತ್ತರ "ಬೇಡ" ಎಂಬುದೊಂದೇ. ಮಳೆಗಾಲ ಮುಗಿಯುವ ಹೊತ್ತಿಗೆ ತಾತನ ಕಾಲಿನ ಗಾಯ ಕೀವುಗಟ್ಟಿತು. ತೊಳೆದು ಮದ್ದು ಕಟ್ಟದಿದ್ದರೆ ಕಾಲನ್ನೇ ತೆಗೆಯಬೇಕಾದೀತು ಎಂದು ನರ್ಸ್ ಕೆಲಸ ಬಲ್ಲ ಸಿಸ್ಟರ್ ಹೇಳಿದರು.

ಅಂದು ಬಿಸಿನೀರಮ್ಮ ಮೆಟ್ಟಿಲ ಮೇಲೆ ತಾತನ ಪಕ್ಕದಲ್ಲೇ ಕೂತುಬಿಟ್ಟರು. "ಯಾಕಪ್ಪ ಇಷ್ಟು ಹಟ? ನನ್ನ ನೀರು ಏನು ತಪ್ಪು ಮಾಡ್ತು?"

ತಾತ ಕೋಟನ್ನು ಎದೆಗೆ ಬಿಗಿದುಕೊಂಡು ಬಾಯಿಬಿಟ್ಟರು. "ಹಿಂದೆ ಒಂದು ಕಡೆ ಸ್ನಾನಕ್ಕೆ ಕರೆದ್ರು. ಮೈ ತೊಳ್ಕೊಂಡು ಬರೋಷ್ಟರಲ್ಲಿ ನನ್ನ ಬಟ್ಟೆ ಎಲ್ಲ ಕಸಕ್ಕೆ ಹಾಕಿಬಿಟ್ಟಿದ್ರು. ಕಸದ ಗಾಡಿ ಹಿಂದೆ ಓಡಿ ಈ ಕೋಟು ಬಿಡಿಸ್ಕೊಂಡು ಬಂದೆ. ನಾನೇ ಹೊಲಿದಿದ್ದು ತಾಯಿ. ಅಂಗಡಿ ಹೋಯ್ತು, ಮನೆ ಹೋಯ್ತು. ನಾನೊಬ್ಬ ಟೈಲರ್ ಆಗಿದ್ದೆ ಅನ್ನೋದಕ್ಕೆ ಇದೊಂದೇ ಉಳಿದಿರೋದು."

"ನಿಮ್ಮ ಕಣ್ಣೆದುರಿಗೇ ಒಗೀತೀನಿ. ನಿಮ್ಮ ಕೈಗೇ ಕೊಡ್ತೀನಿ. ನಂಬ್ತೀರಾ?"

ಒಗೆಯುವ ಕಲ್ಲಿನ ಪಕ್ಕದಲ್ಲಿ ಕುರ್ಚಿ ಹಾಕಿದರು. ತಾತ ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಕಾಲಿಟ್ಟು, ಕೋಟಿನ ಮೇಲಿಂದ ಕಣ್ಣು ಕೀಳದೆ ಕೂತರು. ಸಿಸ್ಟರ್ ಗಾಯ ತೊಳೆದರು, ಬಿಸಿನೀರಮ್ಮ ಕೋಟು ಒಗೆದರು. ಮೊದಲು ಬಂದ ನೀರು ಕಪ್ಪು, ಆಮೇಲಿನದು ಕಂದು. ನೀರು ತಿಳಿಯಾಗುವಷ್ಟರಲ್ಲಿ ಕೋಟಿನ ನಿಜವಾದ ಬಣ್ಣ ಕಂಡಿತು. ಕಡುನೀಲಿ. ಸಾಲಿನಲ್ಲಿ ನಿಂತವರೆಲ್ಲ ಹತ್ತಿರ ಬಂದು ನೋಡಿದರು. ಬಿಸಿನೀರಮ್ಮ ಹಿಂಡಲು ಕೋಟನ್ನು ತಿರುಚಿದರು. ಕುರ್ಚಿಯಿಂದ ಗದರಿಕೆ ಬಂತು. "ಕಾಲರ್ ಹಿಡಿದು ತಿರುಚಬೇಡಿ ತಾಯಿ, ಆಕಾರ ಕೆಡುತ್ತೆ. ನೆರಳಲ್ಲಿ ಹರವಿ."

"ಸರಿ ಯಜಮಾನ್ರೇ," ಎಂದರು ಬಿಸಿನೀರಮ್ಮ. ಕೋಟು ಹರವಿದ ಮೇಲೆ ತಾತ ತಾವಾಗಿಯೇ ಎದ್ದು, ಗೋಡೆ ಹಿಡಿದುಕೊಂಡು ಬಚ್ಚಲಿನತ್ತ ನಡೆದರು.

ಕಾಲು ಉಳಿಯಿತು, ಸ್ವಲ್ಪ ಕುಂಟು ಇದೆ ಅಷ್ಟೆ. ಕಾಲು ಮಾಯುವವರೆಗೆ ಸುಮ್ಮನೆ ಕೂರಲಾರದೆ ತಾತ ದಾನದ ಬಟ್ಟೆಗಳಿಗೆ ಗುಂಡಿ ಹಚ್ಚತೊಡಗಿದರು. ಸಂಸ್ಥೆಯವರು ಹೊಲಿಗೆ ಯಂತ್ರವೊಂದನ್ನು ತಂದುಕೊಟ್ಟು, ತಮ್ಮ ವಸತಿಯಲ್ಲೇ ಮಂಚ ಕೊಟ್ಟರು. ಈಗ ಬಟ್ಟೆಯ ಕೋಣೆ ಅವರದೇ ರಾಜ್ಯ. ನಾನು ಹೋದ ದಿನ ಕಾವಲುಗಾರನ ಕೆಲಸ ಕೇಳಲು ಹೊರಟವನೊಬ್ಬನ ಪ್ಯಾಂಟಿನ ಅಂಚು ಮಡಿಸುತ್ತಿದ್ದರು. "ಯಾರೋ ಕೊಟ್ಟ ಬಟ್ಟೆ ಅಂತ ನೋಡಿದೋರಿಗೆ ಗೊತ್ತಾಗಬಾರದು," ಎಂದರು. ಬಿಸಿನೀರಮ್ಮನ ಬಗ್ಗೆ ಕೇಳಿದ್ದಕ್ಕೆ ಯಂತ್ರ ನಿಲ್ಲಿಸಿದರು. "ನನ್ನ ಕಾಲು ಉಳಿಸಿದ್ದು ಸಿಸ್ಟರ್. ನನ್ನ ಮಾನ ಉಳಿಸಿದ್ದು ಆಯಮ್ಮ. ಎರಡರ ಋಣಾನೂ ತೀರಿಸೋಕಾಗಲ್ಲ, ಸುಮ್ನೆ ಹೊಲೀತಾ ಇದ್ದೀನಿ."

ಎಲ್ಲವೂ ಹೀಗೆ ಸುಖಾಂತ್ಯವಾಗುವುದಿಲ್ಲ. ಇಲ್ಲಿ ಮಿಂದು ಹೊಸ ಬಟ್ಟೆ ತೊಟ್ಟು ಹೋದ ಎಷ್ಟೋ ಮಂದಿ ಮರುವಾರ ಕುಡಿದು ಅದೇ ಚರಂಡಿಯ ಪಕ್ಕ ಬಿದ್ದಿರುತ್ತಾರೆ. ಬಿಸಿನೀರಮ್ಮ ಬೈಯುತ್ತಾರೆ, ಬೈದು ನೀರು ಕೊಡುತ್ತಾರೆ. ಹಿಂದಿನ ಚಳಿಗಾಲದಲ್ಲಿ, ವರ್ಷಗಟ್ಟಲೆ ಬರುತ್ತಿದ್ದ ಚಿಂದಿ ಆಯುವ ಮುದುಕನೊಬ್ಬ ಬಸ್ ನಿಲ್ದಾಣದಲ್ಲಿ ತೀರಿಕೊಂಡ. ವಾರಸುದಾರರಿಲ್ಲದ ಆತನನ್ನು ಮಣ್ಣು ಮಾಡುವ ಕೆಲಸವನ್ನು ಸಂಸ್ಥೆಯವರೇ ವಹಿಸಿಕೊಂಡರು. ಮೈ ತೊಳೆದವರು ಬಿಸಿನೀರಮ್ಮ. "ಸತ್ತೋರಿಗೆ ಯಾಕಮ್ಮ ಬಿಸಿನೀರು ಅಂತ ಶವಾಗಾರದ ಆಳು ಕೇಳಿದ. ಇವನಿಗೆ ತಣ್ಣೀರು ಆಗ್ತಿರಲಿಲ್ಲಪ್ಪ ಅಂದೆ. ಅವನೇ ಹೋಗಿ ಇನ್ನೊಂದು ಬಕೆಟ್ ತಂದ."

ಮಾತಿನ ನಡುವೆ ಧರ್ಮದ ವಿಷಯ ಬಂತು. ಅವರು ಟವೆಲ್ ಕೊಡವುತ್ತಾ ಹೇಳುತ್ತಾರೆ. "ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ್ರು ಅಂತ ಫಾದರ್ ಓದಿ ಹೇಳ್ತಾರೆ. ನನಗೆ ಉಳಿದದ್ದು ಅಷ್ಟು ತಲೆಗೆ ಹತ್ತಲ್ಲ, ಪ್ರಾರ್ಥನೇಲಿ ನಾನು ಕೊನೇ ಬೆಂಚು, ಒಮ್ಮೊಮ್ಮೆ ತೂಕಡಿಸ್ತೀನಿ. ಕಾಲು ತೊಳೆದದ್ದು ಮಾತ್ರ ಚೆನ್ನಾಗಿ ಅರ್ಥ ಆಗುತ್ತೆ."

ಬಿಸಿಲೇರಿದೆ. ಸಾಲು ಕರಗಿದೆ. ತಂತಿಯ ತುಂಬ ಟವೆಲುಗಳು ಗಾಳಿಗೆ ಪಟಪಟ ಎನ್ನುತ್ತಿವೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಏನೂ ಇಲ್ಲವೆಂದು ತಲೆಯಾಡಿಸುತ್ತಾರೆ. ಆಮೇಲೆ ಹಿತ್ತಿಲ ಮೂಲೆಯಲ್ಲಿ ಹಗ್ಗಕ್ಕೆ ಇಳಿಬಿಟ್ಟ ಪರದೆಯತ್ತ ಕೈ ತೋರಿಸುತ್ತಾರೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಸ್ನಾನ ಅಲ್ಲೇ, ಬಯಲಿನಲ್ಲಿ. ಬಚ್ಚಲಿನ ಬಾಗಿಲು ಕಿರಿದು, ಕುರ್ಚಿ ಒಳಗೆ ಹೋಗುವುದಿಲ್ಲ.

"ಮೂರನೇ ಬಚ್ಚಲು ಒಂದಾಗಬೇಕು ರೀ. ಬಾಗಿಲು ಅಗಲ ಇರಬೇಕು, ಗೋಡೇಲಿ ಹಿಡ್ಕೊಳ್ಳೋಕೆ ಸರಳಿರಬೇಕು. ಆಮೇಲೆ ಒಳಗಡೆ ಚಿಲಕ. ಚಿಲಕ ಮಾತ್ರ ಕೂತೋರ ಕೈಗೆ ಎಟುಕೋ ಹಾಗೆ ಕೆಳಗಿರಲಿ. ನಾನು ನೀರು ಇಟ್ಟು ಹೊರಗೆ ಬಂದುಬಿಡ್ತೀನಿ. ಅವರೂ ಒಂದಿನ ಬಾಗಿಲು ಹಾಕ್ಕೊಂಡು, ಹಾಡು ಹೇಳ್ಕೊಂಡು ಸ್ನಾನ ಮಾಡ್ಲಿ."